ಮಳೆಗಾಲವೂ ಮನೆಯ ಡ್ರೈಯರೂ

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ನಮ್ಮ ಗಡಿನಾಡಿನ ಮನೆಗಳನ್ನು ಕಾಡುವ ಚಿಂತೆಗಳಲ್ಲಿ ಒದ್ದೆ ಬಟ್ಟೆಯದೂ ಒಂದು. ಶಾಲೆಯಲ್ಲಿ ಪಾಠ ಹೇಳುವ ನಮಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ಎರಡು ದಿನ ಬಿಡದೆ ಮೋಡ ಕವಿದರೆ ಸಾಕು, ಅರೆ ಒಣಗಿದ ಸಮವಸ್ತ್ರ ತೊಟ್ಟು ಬಂದ ಮಕ್ಕಳಿಂದ ತರಗತಿಯಲ್ಲೆಲ್ಲ ಮುಗ್ಗಲು ವಾಸನೆ ಹರಡುತ್ತದೆ. ದಿನವೆಲ್ಲ ತೇವದಲ್ಲಿರುವ ಮೈಗೆ ತುರಿಕೆ, ಹುಳುಕಡ್ಡಿಗಳು ಬೇಗ ಅಂಟುತ್ತವೆ. ಇದಕ್ಕೆ ಪರಿಹಾರವೆಂದು ಜಹೀರಾಬಾದು, ನಾರಾಯಣಖೇಡ, ತಾಂಡೂರುಗಳ ಅನೇಕ ಮನೆಗಳಲ್ಲಿ ಬಚ್ಚಲಿನ ಮಗ್ಗುಲಿಗೆ ಬಟ್ಟೆ ಒಗೆಯುವ ಯಂತ್ರ ಬಂದು ನಿಂತಿದೆ. ಅದರ ಎರಡು ತೊಟ್ಟಿಗಳಲ್ಲಿ ಚಿಕ್ಕದನ್ನು ನಾವೆಲ್ಲರೂ ‘ಡ್ರೈಯರ್’ ಎನ್ನುತ್ತೇವೆ.

ಯಂತ್ರವೇನೋ ಬಂದಿತು, ಅದರ ತಿಳಿವಳಿಕೆ ಮಾತ್ರ ನಮ್ಮ ಭಾಷೆಯಲ್ಲಿ ಬರಲಿಲ್ಲ. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಜಿಲ್ಲೆಯ ಜಹೀರಾಬಾದು, ನಾರಾಯಣಖೇಡಗಳೂ ಗುಲಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದವು, ೨೦೧೪ರಿಂದ ತೆಲಂಗಾಣದಲ್ಲಿವೆ. ಎಷ್ಟೋ ಮನೆಗಳಲ್ಲಿ ಮನೆಮಾತು ಕನ್ನಡವೇ ಆಗಿ ಉಳಿದರೂ ಅಂಗಡಿಯ ಮಾತು ತೆಲುಗು ಇಲ್ಲವೆ ಉರ್ದು. ಯಂತ್ರದೊಡನೆ ಬಂದ ಕೈಪಿಡಿಯನ್ನು ಓದಲಾರದ ಹಿರಿಯರು ನೆರೆಮನೆಯವರನ್ನು ನೋಡಿ ಬಳಸಲು ಕಲಿಯುತ್ತಾರೆ. ನೋಡಿ ಕಲಿತದ್ದರಿಂದ ಕೆಲಸ ಸಾಗೀತು. ಅಪಾಯ ಎಲ್ಲಿದೆಯೆಂಬುದು ತಿಳಿಯದು. ಆ ಕೊರತೆಯನ್ನು ಕೊಂಚವಾದರೂ ತುಂಬುವುದು ಈ ಬರಹದ ಉದ್ದೇಶ.

ನಿಮ್ಮ ಮನೆಯಲ್ಲಿರುವುದು ಯಾವುದು?

ಡ್ರೈಯರ್ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಯಂತ್ರಗಳಿವೆ. ಮೊದಲನೆಯದು ಬಿಸಿಗಾಳಿಯಿಂದ ನೀರನ್ನು ಆವಿಯಾಗಿಸಿ ಬಟ್ಟೆ ಒಣಗಿಸುವಂಥದು. ಚಳಿ ದೇಶಗಳಲ್ಲಿ ಇದು ಸಾಮಾನ್ಯ. ನಮ್ಮ ಕಡೆ ವಿರಳ. ಇದರಲ್ಲಿ ನೂಲಿನ ಧೂಳನ್ನು ಹಿಡಿಯುವ ಜಾಲರಿಯೊಂದಿರುತ್ತದೆ. ಪ್ರತಿ ಸಲವೂ ಅದನ್ನು ಬಿಡಿಸಿ ತೆಗೆಯದಿದ್ದರೆ ಬೆಂಕಿ ಹೊತ್ತುವ ಭಯವಿದೆ.

ಎರಡನೆಯದು ನಮ್ಮ ಎರಡು ತೊಟ್ಟಿಯ ಯಂತ್ರದಲ್ಲಿರುವುದು. ಇದರಲ್ಲಿ ಶಾಖವೇ ಇಲ್ಲ. ರಂಧ್ರಗಳುಳ್ಳ ಬುಟ್ಟಿಯೊಂದು ನಿಮಿಷಕ್ಕೆ ಸುಮಾರು ೧,೩೦೦ ಸುತ್ತು ತಿರುಗಿ ನೀರನ್ನು ಹೊರಕ್ಕೆ ಚಿಮ್ಮಿಸುತ್ತದೆ. ಅಂದರೆ ಇದು ಒಣಗಿಸುವ ಯಂತ್ರವಲ್ಲ, ಹಿಂಡುವ ಯಂತ್ರ. ‘ಡ್ರೈಯರ್‌ಗೆ ಹಾಕಿದರೂ ಬಟ್ಟೆ ತೇವವಾಗಿದೆ’ ಎಂದು ದೂರುವವರು ಈ ಭೇದವನ್ನು ಅರಿಯಬೇಕು. ನೀರು ತೊಟ್ಟಿಕ್ಕುವುದು ನಿಂತರೆ ಯಂತ್ರ ತನ್ನ ಕೆಲಸ ಮುಗಿಸಿತೆಂದೇ ಅರ್ಥ. ಉಳಿದುದು ಗಾಳಿಯ ಕೆಲಸ.

ಇದರಲ್ಲಿ ಮಿತವ್ಯಯವೂ ಇದೆ. ಒಂದು ಲೀಟರ್ ನೀರನ್ನು ಆವಿಯಾಗಿಸಲು ವಿದ್ಯುತ್ತಿನ ಒಂದು ಯೂನಿಟ್ಟಿನಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಶಾಖ ಬೇಕು. ೨೦೦ ವ್ಯಾಟ್‌ನ ಮೋಟಾರು ೫ ನಿಮಿಷ ತಿರುಗಿದರೆ ವೆಚ್ಚವಾಗುವುದು ಯೂನಿಟ್ಟಿನ ಅರವತ್ತನೆಯ ಒಂದು ಪಾಲು ಮಾತ್ರ.

ತೊಂದರೆ ಮತ್ತು ಕಾರಣ

ಏನೇ ಪರೀಕ್ಷೆ ಮಾಡುವ ಮೊದಲು ಪ್ಲಗ್ಗನ್ನು ಕಿತ್ತಿಡಬೇಕು. ಗುಂಡಿ ಆರಿಸಿದರೆ ಸಾಲದು.

ಯಂತ್ರವು ಸದ್ದೇ ಮಾಡದಿದ್ದರೆ ಮೊದಲು ಪ್ಲಗ್ಗಿಗೆ ವಿದ್ಯುತ್ ಬರುತ್ತಿದೆಯೇ, ಮುಚ್ಚಳ ಪೂರ್ತಿ ಕೂತಿದೆಯೇ ಎಂದು ನೋಡಿರಿ. ಮುಚ್ಚಳ ಕೂರದಿದ್ದರೆ ಒಳಗಿನ ಸ್ವಿಚ್ಚು ಮೋಟಾರಿಗೆ ವಿದ್ಯುತ್ ಬಿಡುವುದಿಲ್ಲ.

ಗುಂಯ್‌ಗುಡುತ್ತದೆ, ಆದರೆ ತಿರುಗದು ಎಂದಾದರೆ ಕಾಲುಚೀಲವೋ ಕರವಸ್ತ್ರವೋ ಬುಟ್ಟಿಗೂ ಹೊರತೊಟ್ಟಿಗೂ ನಡುವೆ ಜಾರಿ ಸಿಕ್ಕಿಕೊಂಡಿರಬಹುದು. ಪ್ಲಗ್ಗು ಕಿತ್ತು ಬುಟ್ಟಿಯನ್ನು ಕೈಯಿಂದ ತಿರುಗಿಸಿದರೆ ತಿಳಿಯುತ್ತದೆ. ಆದರೆ ಮುಚ್ಚಳ ತೆರೆದಾಗ ಬ್ರೇಕು ಹಿಡಿದಿರುವುದು ಸಹಜವೆಂಬುದು ನೆನಪಿರಲಿ. ವೋಲ್ಟೇಜು ಇಳಿದಾಗಲೂ ಹೀಗೆಯೇ ಆಗುತ್ತದೆ. ಇವೆರಡೂ ಅಲ್ಲವಾದರೆ ಬ್ರೇಕು ಬಿಟ್ಟುಕೊಳ್ಳುತ್ತಿಲ್ಲ, ಇಲ್ಲವೆ ಮೋಟಾರಿನ ಕೆಪಾಸಿಟರ್ ಸೋತಿದೆ. ಕೆಪಾಸಿಟರಿನಲ್ಲಿ ಪ್ಲಗ್ಗು ಕಿತ್ತ ಮೇಲೂ ವಿದ್ಯುತ್ತು ಉಳಿದಿರಬಹುದಾದುದರಿಂದ ಅದು ಮೆಕ್ಯಾನಿಕ್ಕನ ಕೆಲಸ.

ಯಂತ್ರವು ದಡಬಡನೆ ಕುಣಿಯುವುದಕ್ಕೆ ಬಹುಮಟ್ಟಿಗೆ ನಾವು ಬಟ್ಟೆ ತುಂಬುವ ಬಗೆಯೇ ಕಾರಣ. ಆ ವೇಗದಲ್ಲಿ ಬುಟ್ಟಿಯ ಅಂಚಿನಲ್ಲಿರುವ ವಸ್ತುವು ತನ್ನ ತೂಕದ ೨೦೦ ಪಟ್ಟಿಗೂ ಮಿಕ್ಕ ಬಲದಿಂದ ಹೊರಕ್ಕೆ ಒತ್ತುತ್ತದೆ. ಕಾಲು ಕಿಲೋ ತೂಗುವ ಒದ್ದೆ ಅಂಗಿಯೊಂದು ಒಂದೇ ಬದಿಗಿದ್ದರೆ ೫೦ ಕಿಲೋದ ಜೋಳದ ಚೀಲ ಆ ಬದಿಯನ್ನು ಎಳೆದಂತಾಗುತ್ತದೆ! ಬಟ್ಟೆಯನ್ನು ಸುತ್ತಲೂ ಸಮನಾಗಿ ಒತ್ತಿ ತುಂಬಿ, ಅದರ ಮೇಲೆ ಒಳಮುಚ್ಚಳವನ್ನು ತಪ್ಪದೆ ಇಡಬೇಕು. ನಮ್ಮ ಕಡೆ ಬಚ್ಚಲಿಗೂ ತಾಂಡೂರಿನ ಬಂಡೆ ಹಾಸಿ, ನೀರಿಳಿಯಲೆಂದು ಇಳಿಜಾರು ಕೊಡುತ್ತಾರೆ. ಆ ಇಳಿಜಾರಿನಲ್ಲಿ ನಿಂತ ಯಂತ್ರವೂ ಕುಣಿಯುತ್ತದೆ. ಕಾಲಿಗೆ ರಬ್ಬರಿನ ಆಸರೆ ಕೊಟ್ಟು ಮಟ್ಟ ಮಾಡಿರಿ.

ಬಟ್ಟೆಯಿಂದ ನೀರು ಸೋರುತ್ತಲೇ ಇದ್ದರೆ ಹೊರಗೊಳವೆ ಮಡಿಚಿದೆಯೇ, ನೆಲಮಟ್ಟಕ್ಕಿಂತ ಮೇಲೆ ಸಿಕ್ಕಿದೆಯೇ ನೋಡಿರಿ. ಯಂತ್ರದ ಅಡಿಯಿಂದ ನೀರು ತೊಟ್ಟಿಕ್ಕಿದರೆ ಬುಟ್ಟಿಯ ಕೆಳಗಿನ ರಬ್ಬರ್ ಸೀಲು ಸವೆದಿದೆ. ಆ ನೀರು ಮೋಟಾರಿನ ಮೇಲೆ ಬೀಳುವುದರಿಂದ ತಡಮಾಡಬಾರದು. ಸುಟ್ಟ ವಾಸನೆ ಬಂದರೆ ತಕ್ಷಣ ನಿಲ್ಲಿಸಿರಿ.

ಮೆಕ್ಯಾನಿಕ್ಕನಿಗೆ ‘ಕೆಟ್ಟಿದೆ’ ಎಂದಷ್ಟೇ ಹೇಳಿದರೆ ಸಾಲದು. ‘ನೀಳ್ಳು ಪೋತಲೇವು’ ಎಂದರೆ ನೀರು ಹೋಗುತ್ತಿಲ್ಲವೆಂದೂ ‘ಬ್ರೇಕು ಪಡತಲೇದು’ ಎಂದರೆ ಬ್ರೇಕು ಹಿಡಿಯುತ್ತಿಲ್ಲವೆಂದೂ ಅವನಿಗೆ ತಿಳಿಯುತ್ತದೆ. ಈ ಎರಡು ಮಾತುಗಳನ್ನು ಕಲಿತಿದ್ದರೆ ಬೇಡದ ಭಾಗ ಬದಲಿಸುವ ಖರ್ಚು ಉಳಿದೀತು.

ಮರೆಯಬಾರದ ಒಂದು ಮಾತು

ಇಷ್ಟೆಲ್ಲ ಮರೆತರೂ ಚಿಂತೆಯಿಲ್ಲ, ಇದೊಂದನ್ನು ಮರೆಯಬಾರದು: ಬುಟ್ಟಿ ಪೂರ್ತಿ ನಿಲ್ಲುವವರೆಗೆ ಒಳಗೆ ಕೈ ಹಾಕಬಾರದು. ಮುಚ್ಚಳ ತೆರೆದೊಡನೆ ವಿದ್ಯುತ್ ಕಡಿದು, ಬ್ರೇಕು ಹಿಡಿದು ಬುಟ್ಟಿಯು ಕೆಲವೇ ಸೆಕೆಂಡುಗಳಲ್ಲಿ ನಿಲ್ಲಬೇಕು. ಹಾಗೆ ನಿಲ್ಲದೆ ತಿರುಗುತ್ತಲೇ ಇದ್ದರೆ ಬ್ರೇಕಿನ ತಂತಿ ಸಡಿಲಾಗಿದೆ ಅಥವಾ ಅದರ ಪಟ್ಟಿ ಸವೆದಿದೆ. ಬಟ್ಟೆ ಹಿಂಡುತ್ತಿದೆಯಲ್ಲ ಎಂದು ಅಂಥ ಯಂತ್ರವನ್ನು ಬಳಸುತ್ತ ಹೋಗುವುದು ಸರ್ವಥಾ ತರವಲ್ಲ. ತಿರುಗುವ ಒದ್ದೆ ಬಟ್ಟೆ ಬೆರಳಿಗೆ ಸುತ್ತಿಕೊಂಡರೆ ಬೆರಳನ್ನೇ ಕಿತ್ತೊಯ್ಯಬಲ್ಲದು, ತೋಳಿನ ಮೂಳೆ ಮುರಿಯಬಲ್ಲದು. ಸೀರೆಯ ಸೆರಗು, ಓಢಣಿ, ಬಿಚ್ಚಿದ ಜಡೆ ಇವು ಬುಟ್ಟಿಯ ಬಳಿ ಸುಳಿಯಬಾರದು. ಮುಚ್ಚಳದ ಸ್ವಿಚ್ಚು ಕೆಟ್ಟಾಗ ‘ತಂತಿ ನೇರ ಜೋಡಿಸಿ ಕೊಡುತ್ತೇನೆ, ಖರ್ಚು ಉಳಿಯುತ್ತದೆ’ ಎಂದು ಯಾರೇ ಹೇಳಿದರೂ ಒಪ್ಪಬೇಡಿರಿ. ಆ ಪುಟ್ಟ ಸ್ವಿಚ್ಚು ಮನೆಯ ಮಕ್ಕಳ ಕೈಗೆ ಕಾವಲು.

ಪ್ಲಗ್ಗಿಗೆ ಮೂರು ಕಡ್ಡಿಗಳಿದ್ದ ಮಾತ್ರಕ್ಕೆ ಸಾಲದು, ಗೋಡೆಯ ಸಾಕೆಟ್ಟಿಗೆ ನಿಜವಾದ ಅರ್ಥಿಂಗ್ ಇರಬೇಕು. ಯಂತ್ರ ಮುಟ್ಟಿದಾಗ ಜುಮ್ಮೆಂದರೆ ಅದು ಎಚ್ಚರಿಕೆಯ ಗಂಟೆ.

ಪಾಲನೆ ಮತ್ತು ಒಣಹಾಕುವಿಕೆ

ತಾಂಡೂರಿನ ನೆಲ ಸುಣ್ಣಕಲ್ಲಿನದು. ಸುಣ್ಣಕಲ್ಲಿನ ನೆಲದಿಂದ ಮೇಲೆತ್ತಿದ ಕೊಳವೆಬಾವಿಯ ನೀರು ಗಡಸು. ಸಾಬೂನು ಅದರೊಡನೆ ಸೇರಿ ಬುಟ್ಟಿಯ ರಂಧ್ರಗಳಲ್ಲಿ ಬಿಳಿಯ ಜಿಡ್ಡಾಗಿ ಕೂಡುತ್ತದೆ. ತಿಂಗಳಿಗೊಮ್ಮೆ, ಅಂಗಡಿಯಲ್ಲಿ ನಿಂಬೆ ಉಪ್ಪೆಂದು ದೊರೆಯುವ ಸಿಟ್ರಿಕ್ ಆಮ್ಲವನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಬಟ್ಟೆಯಿಂದ ಒರೆಸಿ, ಬಳಿಕ ಶುದ್ಧ ನೀರಿನಿಂದ ತೊಳೆಯಬೇಕು. ಬ್ಲೀಚಿಂಗ್ ಪುಡಿಯನ್ನು ಮಾತ್ರ ಇದರೊಡನೆ ಎಂದೂ ಬೆರೆಸಬಾರದು, ವಿಷಗಾಳಿ ಏಳುತ್ತದೆ. ಕೆಲಸ ಮುಗಿದ ಮೇಲೆ ಮುಚ್ಚಳವನ್ನು ಸ್ವಲ್ಪ ಹೊತ್ತು ತೆರೆದಿಟ್ಟರೆ ಮುಗ್ಗಲು ಹಿಡಿಯದು. ಅಡಿಭಾಗಕ್ಕೆ ಜಾಲರಿ ಹಾಕಿಸಿದರೆ ಇಲಿಗಳು ತಂತಿ ಕಡಿಯುವುದು ತಪ್ಪುತ್ತದೆ.

ಹಿಂಡಿದ ಬಟ್ಟೆಯನ್ನು ಕೊಡವಿ, ಒಂದರಿಂದೊಂದು ದೂರವಾಗಿ, ಗಾಳಿಯಾಡುವ ಪಡಸಾಲೆಯಲ್ಲಿ ಹರವಬೇಕು. ಸೂರ್ಯನಿಲ್ಲದ ದಿನ ಪಂಖವೇ ಸಾಕು. ಹರವಲು ಕಬ್ಬಿಣದ ತಂತಿ ಬೇಡ, ನೈಲಾನ್ ಹಗ್ಗ ಕಟ್ಟಿರಿ. ಮಳೆಯಲ್ಲಿ ನೆನೆದ ತಂತಿಗೆ ಮನೆಯ ವಿದ್ಯುತ್ ತಗಲಿ ಪ್ರಾಣ ಕಳೆದುಕೊಂಡವರ ಸುದ್ದಿ ಪ್ರತಿ ಮಳೆಗಾಲದಲ್ಲಿ ಎಲ್ಲಾದರೂ ಬರುತ್ತಲೇ ಇರುತ್ತದೆ.

ಈ ಬರಹವನ್ನು ಓದಬಲ್ಲವರು ಮನೆಯಲ್ಲಿ ಓದಬಾರದ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿರಿ. ಬಟ್ಟೆಯ ಕೆಲಸ ಹೆಂಗಸರೊಬ್ಬರದೇ ಅಲ್ಲ. ಗಂಡುಮಕ್ಕಳಿಗೂ ಬುಟ್ಟಿ ತುಂಬುವ ಬಗೆಯನ್ನು, ಅದು ನಿಲ್ಲುವವರೆಗೆ ಕಾಯುವ ತಾಳ್ಮೆಯನ್ನು ಕಲಿಸೋಣ.