ಯಾರಿಗೂ ಶಾಶ್ವತವಲ್ಲದ ಪಟ್ಟ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಅಂಚಿನಲ್ಲಿದ್ದ ಆಸ್ಟನ್ ಎಂಬಲ್ಲಿ ವಿಲಿಯಂ ಮೆಕ್‌ಗ್ರೆಗರ್ ಎಂಬ ಜವಳಿ ವ್ಯಾಪಾರಿಯೊಬ್ಬನಿದ್ದನು. ಹುಟ್ಟಿನಿಂದ ಸ್ಕಾಟ್ಲೆಂಡಿನವನು. ಊರಿನ 'ಆಸ್ಟನ್ ವಿಲ್ಲಾ' ಫುಟ್‌ಬಾಲ್ ಕ್ಲಬ್ಬಿನ ಆಡಳಿತ ಸಮಿತಿಯಲ್ಲಿಯೂ ಇದ್ದನು. 1888ರ ಮಾರ್ಚ್ 2ರಂದು ಆತ ಕೆಲವು ಪ್ರಮುಖ ಕ್ಲಬ್ಬುಗಳಿಗೆ ಒಂದು ಕಾಗದ ಬರೆದನು. ಹತ್ತು ಹನ್ನೆರಡು ಕ್ಲಬ್ಬುಗಳು ಒಂದುಗೂಡಬೇಕು; ಪ್ರತಿಯೊಂದು ತಂಡವೂ ಉಳಿದ ಪ್ರತಿಯೊಂದು ತಂಡದೊಡನೆ ಒಮ್ಮೆ ತನ್ನ ಊರಿನಲ್ಲಿ, ಒಮ್ಮೆ ಎದುರಾಳಿಯ ಊರಿನಲ್ಲಿ ಆಡಬೇಕು; ಆಟದ ದಿನಗಳನ್ನು ಮೊದಲೇ ಗೊತ್ತುಮಾಡಿಕೊಂಡು ತಪ್ಪದೆ ನಡೆಸಬೇಕು. ಇದು ಆ ಕಾಗದದ ಸಾರಾಂಶ. ಇಂದು ಜಗತ್ತಿನ ನಾನಾ ದೇಶಗಳಲ್ಲಿ ನಡೆಯುತ್ತಿರುವ ಫುಟ್‌ಬಾಲ್ ಲೀಗುಗಳ ಮೂಲವನ್ನು ಅರಸುತ್ತ ಹೋದರೆ ನಾವು ತಲುಪುವುದು ಈ ಬಟ್ಟೆ ವ್ಯಾಪಾರಿಯ ಅಂಗಡಿಯನ್ನು.

ಆತನಿಗೆ ಈ ಯೋಚನೆ ಬಂದುದಕ್ಕೆ ಕಾರಣ ಆಟವಲ್ಲ, ಲೆಕ್ಕಪತ್ರ. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಹುಟ್ಟಿ ಆಟಕ್ಕೆ ನಿಯಮಗಳನ್ನು ರೂಪಿಸಿತ್ತು. 1871ರಲ್ಲಿ ಅದರ ಕಪ್ ಪಂದ್ಯಗಳು ಆರಂಭವಾಗಿದ್ದವು. 1885ರಲ್ಲಿ, ಬಹಳ ವಾದವಿವಾದಗಳ ತರುವಾಯ, ಆಟಗಾರರಿಗೆ ಸಂಬಳ ಕೊಡುವುದಕ್ಕೆ ಅನುಮತಿ ದೊರಕಿತು. ಕ್ಲಬ್ಬುಗಳ ಕಷ್ಟ ಪ್ರಾರಂಭವಾದುದು ಅಲ್ಲಿಂದ. ಸಂಬಳವನ್ನು ವಾರ ವಾರವೂ ಕೊಡಲೇಬೇಕು. ಪಂದ್ಯಗಳು ಮಾತ್ರ ವಾರ ವಾರವೂ ನಡೆಯುತ್ತಿರಲಿಲ್ಲ. ಎದುರಾಳಿಗೆ ಕಪ್ ಪಂದ್ಯ ಬಂದೊದಗಿದರೆ ಗೊತ್ತಾಗಿದ್ದ ಆಟ ರದ್ದು. ಟಿಕೆಟ್ಟಿನ ಹಣವನ್ನೇ ನೆಚ್ಚಿದ ಕ್ಲಬ್ಬು ಬದುಕುವುದಾದರೂ ಹೇಗೆ? ಮೆಕ್‌ಗ್ರೆಗರನಿಗೆ ಬೇಕಾಗಿದ್ದುದು ನೆಚ್ಚಿಕೊಳ್ಳಬಹುದಾದ ಒಂದು ವೇಳಾಪಟ್ಟಿ, ಅಷ್ಟೆ.

ಹನ್ನೆರಡು ತಂಡಗಳ ಮೊದಲ ವರ್ಷ

1888ರ ಏಪ್ರಿಲ್ 17ರಂದು ಮ್ಯಾಂಚೆಸ್ಟರಿನ ಹೋಟೆಲೊಂದರಲ್ಲಿ ಸೇರಿದ ಸಭೆಯಲ್ಲಿ 'ಫುಟ್‌ಬಾಲ್ ಲೀಗ್' ಸ್ಥಾಪನೆಯಾಯಿತು. ಸದಸ್ಯ ಕ್ಲಬ್ಬುಗಳು ಹನ್ನೆರಡು: ಆರು ಲ್ಯಾಂಕಾಷೈರಿನವು, ಆರು ನಡುನಾಡಿನವು. ಎಲ್ಲವೂ ಗಿರಣಿ, ಗಣಿ, ಕಾರ್ಖಾನೆಗಳ ಪ್ರದೇಶದವು. ರಾಜಧಾನಿ ಲಂಡನ್ನಿನಿಂದ ಒಂದು ತಂಡವೂ ಇರಲಿಲ್ಲ. ದಕ್ಷಿಣದ ತಂಡವೊಂದು ಈ ಲೀಗಿನ ಚಾಂಪಿಯನ್ ಪಟ್ಟವನ್ನು ಪಡೆಯಲು 1931ರವರೆಗೆ, ಆರ್ಸೆನಲ್ ಗೆಲ್ಲುವವರೆಗೆ, ಕಾಯಬೇಕಾಯಿತು.

ಸೆಪ್ಟೆಂಬರ್ 8ರಂದು ಆಟ ಆರಂಭವಾದಾಗ ಅಂಕಗಳನ್ನು ಎಣಿಸುವ ಕ್ರಮವೇ ಇನ್ನೂ ನಿಶ್ಚಯವಾಗಿರಲಿಲ್ಲ ಎಂಬುದು ಸ್ವಾರಸ್ಯದ ಸಂಗತಿ. ಗೆದ್ದರೆ ಎರಡು ಅಂಕ, ಸಮವಾದರೆ ಒಂದು ಎಂಬ ತೀರ್ಮಾನ ನವೆಂಬರಿನಲ್ಲಿ ಆಯಿತು. ಆ ವರ್ಷ ಪ್ರೆಸ್ಟನ್ ನಾರ್ತ್ ಎಂಡ್ ತಂಡ ಆಡಿದ 22 ಪಂದ್ಯಗಳಲ್ಲಿ 18ನ್ನು ಗೆದ್ದು, 4ನ್ನು ಸಮ ಮಾಡಿಕೊಂಡು, ಒಂದರಲ್ಲಿಯೂ ಸೋಲದೆ ಅಗ್ರಸ್ಥಾನ ಪಡೆಯಿತು. ಅದೇ ವರ್ಷ ಒಂದು ಗೋಲನ್ನೂ ಬಿಟ್ಟುಕೊಡದೆ ಕಪ್ಪನ್ನೂ ಗೆದ್ದುಕೊಂಡಿತು. 'ಅಜೇಯರು' ಎಂಬ ಬಿರುದು ಅವರಿಗೆ ಸಹಜವಾಗಿಯೇ ಸಂದಿತು.

ಮೊದಲ ಸ್ಥಾನದಷ್ಟೇ ಗಮನಿಸಬೇಕಾದುವು ಕೊನೆಯ ನಾಲ್ಕು ಸ್ಥಾನಗಳು. ಅಲ್ಲಿ ನಿಂತ ಕ್ಲಬ್ಬುಗಳು ಮುಂದಿನ ವರ್ಷ ಲೀಗಿನಲ್ಲಿ ಉಳಿಯಬೇಕಾದರೆ ಉಳಿದವರ ಮತವನ್ನು ಕೇಳಿ ಮತ್ತೆ ಚುನಾಯಿತರಾಗಬೇಕಾಗಿತ್ತು. 1889ರಲ್ಲಿ ನಾಲ್ವರಿಗೂ ಮತ ದೊರಕಿತು. 1890ರಲ್ಲಿ ಸ್ಟೋಕ್ ಕ್ಲಬ್ಬು ಜಾಗ ಕಳೆದುಕೊಂಡು, ಸಂಡರ್ಲೆಂಡ್ ಒಳಗೆ ಬಂದಿತು. ಸ್ಥಾಪಕ ಸದಸ್ಯನೆಂಬ ಕಾರಣಕ್ಕೆ ಯಾರಿಗೂ ಕಾಯಂ ಕುರ್ಚಿಯಿಲ್ಲ ಎಂಬ ತತ್ತ್ವ ಲೀಗಿನೊಡನೆಯೇ ಹುಟ್ಟಿತು.

ಬಡ್ತಿ ಮತ್ತು ಹಿಂಬಡ್ತಿ

1892ರಲ್ಲಿ ಎರಡನೆಯ ದರ್ಜೆ ಏರ್ಪಟ್ಟಿತು. ಮೇಲಿನ ದರ್ಜೆಯ ಕೊನೆಯವರೂ ಕೆಳಗಿನ ದರ್ಜೆಯ ಮೊದಲಿನವರೂ ಪರೀಕ್ಷಾ ಪಂದ್ಯಗಳನ್ನಾಡಿ ಸ್ಥಾನವನ್ನು ನಿರ್ಣಯಿಸಿಕೊಳ್ಳುವ ಪದ್ಧತಿ ಬಂದಿತು. 1893ರ ಪರೀಕ್ಷೆಯಲ್ಲಿ ಸೋತ ಅಕ್ರಿಂಗ್ಟನ್ ಕ್ಲಬ್ಬು ಹನ್ನೆರಡು ಸ್ಥಾಪಕರಲ್ಲಿ ಒಂದು. ಕೆಳಗಿಳಿದು ಆಡುವುದಕ್ಕಿಂತ ಹೊರಗೆ ಹೋಗುವುದೇ ಲೇಸೆಂದು ಅದು ರಾಜೀನಾಮೆ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಕ್ಲಬ್ಬೇ ಮುಚ್ಚಿಹೋಯಿತು.

ಪರೀಕ್ಷಾ ಪಂದ್ಯಗಳು ಅಂತ್ಯಗೊಂಡುದು ನಗೆಪಾಟಲಿನಿಂದ. 1898ರಲ್ಲಿ ಸ್ಟೋಕ್ ಮತ್ತು ಬರ್ನ್ಲಿ ತಂಡಗಳ ನಡುವಣ ಕೊನೆಯ ಪಂದ್ಯ ಸಮವಾದರೆ ಇಬ್ಬರಿಗೂ ಮೇಲಿನ ದರ್ಜೆ ಖಚಿತವಾಗಿತ್ತು. ಹೀಗಿರುವಾಗ ಗೋಲು ಹೊಡೆಯುವ ಉತ್ಸಾಹ ಯಾರಿಗಿರುತ್ತದೆ? ಚೆಂಡು ಅತ್ತಿಂದಿತ್ತ ಉರುಳಿತು. ಹಣ ತೆತ್ತು ಬಂದ ಪ್ರೇಕ್ಷಕರು ಹೀಯಾಳಿಸಿದರು. ಪಂದ್ಯ ಗೋಲಿಲ್ಲದೆ ಮುಗಿಯಿತು. ಲೀಗಿನ ಆಡಳಿತಗಾರರು ಎಚ್ಚೆತ್ತರು. ಮುಂದಿನ ವರ್ಷದಿಂದ ಮತವೂ ಬೇಡ, ಪರೀಕ್ಷೆಯೂ ಬೇಡ; ಮೇಲಿನ ದರ್ಜೆಯ ಕೊನೆಯ ಇಬ್ಬರಿಗೆ ಹಿಂಬಡ್ತಿ, ಕೆಳಗಿನ ದರ್ಜೆಯ ಮೊದಲ ಇಬ್ಬರಿಗೆ ಬಡ್ತಿ ಎಂಬ ನಿಯಮವಾಯಿತು. 1974ರಲ್ಲಿ ಈ ಸಂಖ್ಯೆ ಮೂರಕ್ಕೇರಿತು.

ಇಂದು ಅಗ್ರದರ್ಜೆಯಲ್ಲಿರುವುದು 20 ತಂಡಗಳು. ಪ್ರತಿಯೊಂದಕ್ಕೂ 38 ಪಂದ್ಯ, ಒಟ್ಟು 380. ಆಗಸ್ಟಿನಲ್ಲಿ ಆರಂಭವಾದ ಆಟ ಮೇ ತಿಂಗಳಲ್ಲಿ ಮುಗಿಯುತ್ತದೆ. ಗೆಲುವಿಗೆ 1981ರಿಂದ ಮೂರು ಅಂಕ. ಸಮಕ್ಕಾಗಿ ಆಡಿ ಕಾಲ ಕಳೆಯುವವರನ್ನು ಗೆಲುವಿಗಾಗಿ ಹುರಿದುಂಬಿಸುವುದು ಅದರ ಉದ್ದೇಶ. ಅಂಕಗಳು ಸಮವಾದರೆ ಹೊಡೆದ ಗೋಲುಗಳಲ್ಲಿ ಬಿಟ್ಟುಕೊಟ್ಟ ಗೋಲುಗಳನ್ನು ಕಳೆದು ಉಳಿದುದನ್ನು ನೋಡುತ್ತಾರೆ. ಅದೂ ಸಮವಾದರೆ ಹೊಡೆದ ಗೋಲುಗಳ ಸಂಖ್ಯೆ. 1989ರ ಮೇ 26ರ ರಾತ್ರಿ ಆರ್ಸೆನಲ್ ತಂಡ ಲಿವರ್‌ಪೂಲನ್ನು ಅದರ ಅಂಗಳದಲ್ಲಿಯೇ ಎರಡು ಗೋಲುಗಳಿಂದ ಸೋಲಿಸಬೇಕಾಗಿತ್ತು. ಎರಡನೆಯ ಗೋಲು ಬಂದುದು ಆಟ ಮುಗಿಯುವ ಗಳಿಗೆಯಲ್ಲಿ. ಇಬ್ಬರಿಗೂ 76 ಅಂಕ, ಗೋಲುಗಳ ಅಂತರವೂ ಒಂದೇ. ಹೆಚ್ಚು ಗೋಲು ಹೊಡೆದಿದ್ದ ಆರ್ಸೆನಲ್ಲಿಗೆ ಪಟ್ಟ.

ಅಗ್ರದರ್ಜೆಯ ಕೆಳಗೆ ತಲಾ 24 ತಂಡಗಳ ಮೂರು ದರ್ಜೆಗಳು. ಅವುಗಳ ಕೆಳಗೆ ಸಣ್ಣ ಊರುಗಳ, ಪೇಟೆಗಳ ನೂರಾರು ತಂಡಗಳು. 1987ರಿಂದ ಈ ಕೆಳಗಿನ ಮೆಟ್ಟಿಲುಗಳಿಗೂ ಬಡ್ತಿಯ ದಾರಿ ತೆರೆದಿದೆ. ಭಾರತದ ಐಪಿಎಲ್ ಕ್ರಿಕೆಟ್ಟಿನಲ್ಲಿ ಕೊನೆಯ ಸ್ಥಾನದ ತಂಡ ಮರುವರ್ಷ ಮತ್ತೆ ಅದೇ ಪಂಕ್ತಿಯಲ್ಲಿ ಕೂರುತ್ತದೆ. ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಹಾಗಲ್ಲ. ಆದ್ದರಿಂದಲೇ ಅಲ್ಲಿ ಹದಿನೇಳನೆಯ ಸ್ಥಾನಕ್ಕೂ ಹದಿನೆಂಟನೆಯ ಸ್ಥಾನಕ್ಕೂ ನಡೆಯುವ ಹೋರಾಟ ಪಟ್ಟದ ಹೋರಾಟಕ್ಕಿಂತ ಕಡಿಮೆಯದಲ್ಲ.

ಹಣದ ಹೊಳೆ

ಬಹುಕಾಲ ಈ ಆಟ ಧನಿಕರ ಆಟವಾಗಿರಲಿಲ್ಲ. 1901ರಲ್ಲಿ ಆಟಗಾರನಿಗೆ ವಾರಕ್ಕೆ ನಾಲ್ಕು ಪೌಂಡಿಗಿಂತ ಹೆಚ್ಚು ಕೊಡಕೂಡದೆಂಬ ಕಟ್ಟಳೆ ಬಂದಿತು. ಆರು ದಶಕಗಳ ತರುವಾಯವೂ ಮಿತಿ 20 ಪೌಂಡನ್ನು ದಾಟಿರಲಿಲ್ಲ. ಜಿಮ್ಮಿ ಹಿಲ್ ಎಂಬ ಆಟಗಾರನ ಮುಂದಾಳುತನದಲ್ಲಿ ಆಟಗಾರರ ಸಂಘ ಮುಷ್ಕರಕ್ಕೆ ಸಿದ್ಧವಾದ ಮೇಲೆ, 1961ರ ಜನವರಿಯಲ್ಲಿ ಆ ಮಿತಿ ರದ್ದಾಯಿತು. ಆಟಗಾರನ ಒಪ್ಪಂದ ಮುಗಿದರೂ ಅವನನ್ನು ಕ್ಲಬ್ಬು ಬಿಡದೆ ಹಿಡಿದಿಟ್ಟುಕೊಳ್ಳುವ ಪದ್ಧತಿ ನ್ಯಾಯಸಮ್ಮತವಲ್ಲವೆಂದು 1963ರಲ್ಲಿ ಜಾರ್ಜ್ ಈಸ್ಟ್‌ಹ್ಯಾಮನ ಮೊಕದ್ದಮೆಯಲ್ಲಿ ನ್ಯಾಯಾಲಯ ಹೇಳಿತು. ಆ ಕಾಲದಲ್ಲಿ ಪಂದ್ಯದ ಟಿಕೆಟ್ ಹಣದಲ್ಲಿ ಬಂದ ತಂಡಕ್ಕೂ ಒಂದು ಪಾಲು ಸಲ್ಲುತ್ತಿತ್ತು. 1983ರಲ್ಲಿ ಅದು ನಿಂತಿತು; ಹಣವೆಲ್ಲ ಆತಿಥೇಯರ ಪೆಟ್ಟಿಗೆಗೆ. ದೊಡ್ಡ ಮೈದಾನವುಳ್ಳ ಕ್ಲಬ್ಬು ಇನ್ನೂ ದೊಡ್ಡದಾಯಿತು.

ಇದೇ ಕಾಲದಲ್ಲಿ ದುರಂತಗಳು ಒಂದರ ಮೇಲೊಂದು ಬಂದೆರಗಿದವು. 1985ರಲ್ಲಿ ಬ್ರಾಡ್‌ಫರ್ಡಿನ ಮರದ ಪ್ರೇಕ್ಷಕಾಂಗಣ ಹೊತ್ತಿ ಉರಿದು 56 ಜನ ಮಡಿದರು. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ, ಕಪ್ ಪಂದ್ಯವೊಂದರ ವೇಳೆ, ಕಬ್ಬಿಣದ ಬೇಲಿಗಳ ನಡುವೆ ಜನಸಂದಣಿ ಇಕ್ಕಟ್ಟಿಗೆ ಸಿಲುಕಿತು. ಆ ದುರಂತಕ್ಕೆ ಬಲಿಯಾದವರು 97 ಮಂದಿ. ಮೊದಲು ತಪ್ಪನ್ನು ಪ್ರೇಕ್ಷಕರ ಮೇಲೆಯೇ ಹೊರಿಸಲಾಯಿತು. ಸತ್ತವರ ಮನೆಯವರು ದಶಕಗಳ ಕಾಲ ಹೋರಾಡಿದರು. 2016ರಲ್ಲಿ ಪಂಚರು ಪ್ರೇಕ್ಷಕರದು ತಪ್ಪಿಲ್ಲವೆಂದು ತೀರ್ಮಾನವಿತ್ತರು. ಅಗ್ರದರ್ಜೆಯ ಮೈದಾನಗಳಲ್ಲಿ ಎಲ್ಲರಿಗೂ ಆಸನವಿರಬೇಕೆಂದು ನ್ಯಾಯಮೂರ್ತಿ ಟೇಲರರ ವರದಿ 1990ರಲ್ಲಿ ಶಿಫಾರಸು ಮಾಡಿತು. ಮೈದಾನಗಳನ್ನು ಹೊಸದಾಗಿ ಕಟ್ಟಲು ಅಪಾರ ಹಣ ಬೇಕಾಯಿತು.

ಆ ಹಣ ಬಂದುದು ಟೆಲಿವಿಷನ್ನಿನಿಂದ. ಅಗ್ರದರ್ಜೆಯ 22 ಕ್ಲಬ್ಬುಗಳು ಹಳೆಯ ಲೀಗಿನಿಂದ ಬೇರೆಯಾಗಿ 1992ರಲ್ಲಿ 'ಪ್ರೀಮಿಯರ್ ಲೀಗ್' ಎಂಬ ಕಂಪನಿಯನ್ನು ಕಟ್ಟಿಕೊಂಡವು. ಸ್ಕೈ ಕಂಪನಿಯೊಡನೆ ಆದ ಮೊದಲ ಒಪ್ಪಂದ ಐದು ವರ್ಷಕ್ಕೆ 30 ಕೋಟಿ 40 ಲಕ್ಷ ಪೌಂಡ್. 2025ರಿಂದ ನಾಲ್ಕು ವರ್ಷಗಳ ಅವಧಿಗೆ ಬ್ರಿಟನ್ ಒಂದರಲ್ಲಿಯೇ ಪ್ರಸಾರದ ಬೆಲೆ 670 ಕೋಟಿ ಪೌಂಡ್. ಒಟ್ಟುಕುಟುಂಬದಿಂದ ಸಿರಿವಂತ ಅಣ್ಣ ಪಾಲಾಗಿ ಹೊರಟಂತಾಯಿತು. ಆದರೆ ನಡುವಣ ಬಾಗಿಲನ್ನು ಮಾತ್ರ ಮುಚ್ಚಲಿಲ್ಲ. ಮೂವರು ಇಳಿಯುವ, ಮೂವರು ಏರುವ ಹಳೆಯ ಪದ್ಧತಿ ಉಳಿಯಿತು.

ಏರಿದವರು, ಜಾರಿದವರು

ಈ ಬಾಗಿಲಿನ ಮಹಿಮೆಯನ್ನು ತಿಳಿಯಬೇಕಾದರೆ ಎರಡು ಊರುಗಳ ಕಥೆ ಸಾಕು. ಲೆಸ್ಟರ್ ತಂಡ 2009ರಲ್ಲಿ ಮೂರನೆಯ ದರ್ಜೆಯಲ್ಲಿತ್ತು. 2014ರಲ್ಲಿ ಅಗ್ರದರ್ಜೆಗೆ ಬಂದಿತು. 2015–16ರ ಆರಂಭದಲ್ಲಿ ಅದು ಪಟ್ಟ ಗೆಲ್ಲುವುದೆಂದು ಒಂದು ಪೌಂಡ್ ಕಟ್ಟಿದವನಿಗೆ ಐದು ಸಾವಿರ ಕೊಡುತ್ತೇವೆಂದು ಬಾಜಿಯ ಅಂಗಡಿಯವರು ಹೇಳಿದ್ದರು. ಕ್ಲಾಡಿಯೊ ರಾನಿಯೇರಿಯ ಶಿಕ್ಷಣದಲ್ಲಿ ಆ ತಂಡ ಹತ್ತು ಅಂಕಗಳ ಅಂತರದಿಂದ ಪಟ್ಟವೇರಿತು. ಏಳು ವರ್ಷಗಳ ಮೇಲೆ, 2023ರ ಕೊನೆಯ ದಿನ, ತನ್ನ ಪಂದ್ಯವನ್ನು ಗೆದ್ದರೂ ಎವರ್ಟನ್ ಸಹ ಗೆದ್ದುದರಿಂದ ಲೆಸ್ಟರ್ ಕೆಳಗಿಳಿಯಿತು.

ಲೂಟನ್ ಊರಿನ ಕಥೆ ಇನ್ನೂ ಕರುಣಾಜನಕ. 1992ರಲ್ಲಿ, ಹಣದ ಹೊಳೆ ಹರಿಯುವುದಕ್ಕೆ ಕೆಲವೇ ತಿಂಗಳು ಮೊದಲು, ಅದು ಅಗ್ರದರ್ಜೆಯಿಂದ ಜಾರಿತು. 2009ರಲ್ಲಿ ನಾಲ್ಕು ದರ್ಜೆಗಳಿಂದಲೇ ಹೊರಬಿದ್ದಿತು. 2014ರಲ್ಲಿ ಮತ್ತೆ ಒಳಗೆ ಬಂದು, ಮೆಟ್ಟಿಲು ಮೆಟ್ಟಿಲಾಗಿ ಏರಿ, 2023ರಲ್ಲಿ ಪ್ರೀಮಿಯರ್ ಲೀಗನ್ನು ಮುಟ್ಟಿತು. ಸಾಲುಮನೆಗಳ ನಡುವೆ ತೂರಿಕೊಂಡು ಒಳಹೋಗಬೇಕಾದ ಅದರ ಪುಟ್ಟ ಮೈದಾನಕ್ಕೆ ಮಹಾ ಮಹಾ ತಂಡಗಳು ಬಂದವು. ಮರುವರ್ಷವೇ ಹಿಂಬಡ್ತಿ, 2025ರಲ್ಲಿ ಇನ್ನೊಂದು ಹಿಂಬಡ್ತಿ.

ಇದು ಲೂಟನ್ನಿನ ದುರದೃಷ್ಟವೊಂದೇ ಅಲ್ಲ. 2024ರಲ್ಲಿ ಕೆಳಗಿಳಿದ ಮೂರು ತಂಡಗಳೂ ಹಿಂದಿನ ವರ್ಷ ಮೇಲೆ ಬಂದವು. 2025ರಲ್ಲಿಯೂ ಹಾಗೆಯೇ ಆಯಿತು. ಬಾಗಿಲು ತೆರೆದಿದೆ, ಆದರೆ ಒಳಗಿನ ನೆಲ ನುಣುಪಾಗಿದೆ. ಇಳಿದವರಿಗೆ ಕೆಲವು ವರ್ಷ ಸಹಾಯಧನ ಸಲ್ಲುವುದುಂಟು. ಅದನ್ನು ಪಡೆಯದ ಎರಡನೆಯ ದರ್ಜೆಯ ಬಡ ಕ್ಲಬ್ಬುಗಳಿಗೆ ಇದು ಅನ್ಯಾಯವೆಂದು ತೋರುತ್ತದೆ. ಕೆಳಗಿನ ದರ್ಜೆಗಳಲ್ಲಿ ಸಾಲದಲ್ಲಿ ಮುಳುಗುವ ಅಪಾಯವೂ ಇದೆ. 1894ರಿಂದ ಲೀಗಿನ ಸದಸ್ಯನಾಗಿದ್ದ, ಎರಡು ಬಾರಿ ಕಪ್ ಗೆದ್ದಿದ್ದ ಬ್ಯೂರಿ ಕ್ಲಬ್ಬನ್ನು 2019ರಲ್ಲಿ ಹಣಕಾಸಿನ ದುರವಸ್ಥೆಯಿಂದಾಗಿ ಲೀಗಿನಿಂದ ಹೊರಹಾಕಲಾಯಿತು.

ಬೇಡವೆಂದವರು

2021ರ ಏಪ್ರಿಲ್ 18ರಂದು ಯೂರೋಪಿನ ಹನ್ನೆರಡು ಶ್ರೀಮಂತ ಕ್ಲಬ್ಬುಗಳು 'ಸೂಪರ್ ಲೀಗ್' ಎಂಬುದೊಂದನ್ನು ಘೋಷಿಸಿದವು. ಅವುಗಳಲ್ಲಿ ಆರು ಇಂಗ್ಲೆಂಡಿನವು. ಯೂರೋಪಿನ ಆ ಹೊಸ ಪಂಕ್ತಿಯಲ್ಲಿ ಸ್ಥಾಪಕರಿಗೆ ಹಿಂಬಡ್ತಿಯ ಭಯವೇ ಇರಲಿಲ್ಲ; ಎಷ್ಟು ಸೋತರೂ ಸ್ಥಾನ ಭದ್ರ. 1888ರಲ್ಲಿಯೂ ಸ್ಥಾಪಕರು ಹನ್ನೆರಡೇ. ಆದರೆ ಅವರು ಕೊನೆಯ ನಾಲ್ವರನ್ನು ಮತಕ್ಕೆ ನಿಲ್ಲಿಸಿದ್ದರು.

ಈ ಏರ್ಪಾಟನ್ನು ಉರುಳಿಸಿದವರಲ್ಲಿ ಮುಖ್ಯರು ಅದರಿಂದ ಲಾಭ ಪಡೆಯಬೇಕಾಗಿದ್ದ ಕ್ಲಬ್ಬುಗಳ ಅಭಿಮಾನಿಗಳೇ ಎಂಬುದು ನೆನಪಿಡತಕ್ಕ ಮಾತು. ಲಂಡನ್ನಿನಲ್ಲಿ ಚೆಲ್ಸಿ ಕ್ಲಬ್ಬಿನ ಅಭಿಮಾನಿಗಳು ತಮ್ಮದೇ ಮೈದಾನದ ಮುಂದಿನ ರಸ್ತೆಯನ್ನು ತಡೆದು ನಿಂತರು. ಎರಡು ದಿನಗಳಲ್ಲಿ ಆರು ಇಂಗ್ಲಿಷ್ ಕ್ಲಬ್ಬುಗಳೂ ಹಿಂದೆ ಸರಿದವು. ತಮ್ಮ ತಂಡ ಎಂದೆಂದಿಗೂ ಬೀಳದೆಂಬ ಭರವಸೆಯನ್ನು ಆ ಜನ ಬೇಡವೆಂದರು. ಬೀಳುವ ಸಂಭವವಿಲ್ಲದ ಕಡೆ ಏರುವುದಕ್ಕೂ ಬೆಲೆಯಿಲ್ಲವೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

2025ರ ಜುಲೈಯಲ್ಲಿ ಬ್ರಿಟನ್ನಿನ ಪಾರ್ಲಿಮೆಂಟಿನ ಶಾಸನವೊಂದು ಜಾರಿಗೆ ಬಂದು, ಫುಟ್‌ಬಾಲ್ ಕ್ಲಬ್ಬುಗಳ ಹಣಕಾಸನ್ನು ನೋಡಿಕೊಳ್ಳಲು ಸ್ವತಂತ್ರ ನಿಯಂತ್ರಕ ಸಂಸ್ಥೆಯೊಂದು ಏರ್ಪಟ್ಟಿತು. ಒಪ್ಪಿತವಲ್ಲದ ಪ್ರತ್ಯೇಕ ಲೀಗುಗಳಿಗೆ ಕ್ಲಬ್ಬುಗಳು ಸೇರದಂತೆ ತಡೆಯುವ ಅಧಿಕಾರವೂ ಅದಕ್ಕುಂಟು. ಬಟ್ಟೆ ವ್ಯಾಪಾರಿಯ ಒಂದು ಕಾಗದದಿಂದ ಹುಟ್ಟಿದ ಏರ್ಪಾಟಿನ ಬಾಗಿಲನ್ನು ತೆರೆದಿಡುವುದಕ್ಕೆ ಈಗ ದೇಶದ ಕಾನೂನೇ ಕಾವಲು ನಿಲ್ಲಬೇಕಾಗಿದೆ.