ಪಂಕಜ ಅಡ್ವಾಣಿಯವರು ಬಿಟ್ಟು ಬಂದ ವೃತ್ತಿ

ನಮ್ಮ ವಾಚನಾಲಯಕ್ಕೆ ಬರುವ ಪತ್ರಿಕೆಗಳಲ್ಲಿ ಎಲ್ಲಕ್ಕಿಂತ ಮೊದಲು ಸವೆಯುವುದು ಆಟೋಟದ ಪುಟ. ಸಂಜೆ ಕೆಲಸ ಮುಗಿಸಿ ಬಂದ ಮಿತ್ರರು ಕ್ರಿಕೆಟ್ಟಿನ ಸುದ್ದಿಯನ್ನೆಲ್ಲ ಓದಿ ಆದಮೇಲೆ, ಪುಟದ ಕೆಳಗಿನ ಮೂಲೆಯಲ್ಲಿ ನಾಲ್ಕೇ ಸಾಲಿನಲ್ಲಿ ಅಡಗಿರುವ ಒಂದು ಹೆಸರನ್ನು ತೋರಿಸಿ ನಮ್ಮನ್ನು ಕೇಳುವುದುಂಟು: "ಈ ಪಂಕಜ ಅಡ್ವಾಣಿ ನಮ್ಮ ಬೆಂಗಳೂರಿನವರಂತೆ. ಒಮ್ಮೆ ಬಿಲಿಯರ್ಡ್ಸ್ ಗೆದ್ದರು ಎನ್ನುತ್ತಾರೆ, ಒಮ್ಮೆ ಸ್ನೂಕರ್ ಎನ್ನುತ್ತಾರೆ. ಇಷ್ಟು ಸಲ ಜಗತ್ತನ್ನು ಗೆದ್ದವರು ವೃತ್ತಿಯ ಆಟವನ್ನು ಎರಡೇ ವರ್ಷಕ್ಕೆ ಬಿಟ್ಟು ಬಂದದ್ದೇಕೆ?" ಪ್ರಶ್ನೆ ಸರಿಯಾದದ್ದೇ. ಉತ್ತರ ಹೇಳಬೇಕಾದರೆ ಮೊದಲು ಆಟದ ಪರಿಚಯ ಸ್ವಲ್ಪ ಆಗಬೇಕು.

ಸ್ನೂಕರ್ ಹುಟ್ಟಿದ್ದು ವಿಲಾಯತಿಯಲ್ಲಲ್ಲ, ನಮ್ಮ ದೇಶದಲ್ಲೇ. 1875ರಲ್ಲಿ ಜಬಲ್ಪುರದ ಸೈನ್ಯದ ಠಾಣೆಯಲ್ಲಿ ಮಳೆಗಾಲದ ಬೇಸರ ಕಳೆಯಲು ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿ ಇದ್ದ ಆಟಕ್ಕೆ ಬೇರೆ ಬೇರೆ ಬಣ್ಣದ ಚೆಂಡುಗಳನ್ನು ಸೇರಿಸಿದ. (ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚೇಂಬರ್ಲೇನ್ ಬೇರೆ.) ಸೈನಿಕ ಶಾಲೆಗೆ ಹೊಸದಾಗಿ ಸೇರಿದ ಹುಡುಗರನ್ನು ಆಗ ಹಾಸ್ಯಕ್ಕೆ 'ಸ್ನೂಕರ್' ಎನ್ನುತ್ತಿದ್ದರಂತೆ, ಆ ಹೆಸರೇ ಆಟಕ್ಕೂ ಅಂಟಿಕೊಂಡಿತು. ಅನಂತರ ಮೈಸೂರು ಸೀಮೆಯ ಅಂಚಿನಲ್ಲೇ ಇರುವ ಊಟಿಯ ಕ್ಲಬ್ಬಿನಲ್ಲಿ ಅದರ ನಿಯಮಗಳನ್ನು ಬರೆದು ಗೋಡೆಗೆ ತೂಗುಹಾಕಿದರು.

ಮೇಜು 12 ಅಡಿ ಉದ್ದ, 6 ಅಡಿ ಅಗಲ. ಅದರ ಹಾಸು ಕಲ್ಲಿನದು. ಮೇಲೆ ಹಸಿರು ಉಣ್ಣೆಯ ಬಟ್ಟೆ. ನಾಲ್ಕು ಮೂಲೆಗೆ ನಾಲ್ಕು, ಉದ್ದದ ನಡುವೆ ಎರಡು, ಹೀಗೆ ಆರು ಪಾಕೆಟ್ಟುಗಳು. ಬಿಲಿಯರ್ಡ್ಸಿನಲ್ಲಿ ಮೂರೇ ಚೆಂಡು. ಒಂದರಿಂದ ಇನ್ನೆರಡನ್ನು ತಾಕಿಸುವುದೂ, ಪಾಕೆಟ್ಟಿಗೆ ಕಳಿಸುವುದೂ ಅಂಕ ತರುತ್ತದೆ. ಸ್ನೂಕರಿನಲ್ಲಿ 22 ಚೆಂಡು: 15 ಕೆಂಪು, 6 ಬಣ್ಣದವು, ಹೊಡೆಯಲಿಕ್ಕೆ ಒಂದು ಬಿಳಿಯದು. ಕೆಂಪಿಗೆ ಒಂದು ಅಂಕ. ಹಳದಿಗೆ 2ರಿಂದ ಮೊದಲಾಗಿ ಹಸಿರು, ಕಂದು, ನೀಲಿ, ಗುಲಾಬಿ ಎಂದು ಏರುತ್ತ ಕಪ್ಪಿಗೆ 7. ಒಂದು ಕೆಂಪನ್ನು ಕೆಡವಿದ ಮೇಲೆ ಒಂದು ಬಣ್ಣ, ಮತ್ತೆ ಕೆಂಪು. ಕೆಡವಿದ ಬಣ್ಣದ ಚೆಂಡನ್ನು ಮೇಜಿನ ಮೇಲೆ ತಿರುಗಿ ಇಡುತ್ತಾರೆ. ಪ್ರತಿ ಕೆಂಪಿನ ಜೊತೆಗೂ ಕಪ್ಪನ್ನೇ ಕೆಡವಿದರೆ 120, ಕೊನೆಗೆ ಉಳಿಯುವ ಆರು ಬಣ್ಣಕ್ಕೆ 27, ಒಟ್ಟು 147. ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಒಂದೇ ಸರದಿಯಲ್ಲಿ ಬರುವುದಿಲ್ಲ.

ಎರಡೂ ಒಂದೇ ಮೇಜಿನ ಆಟವಾದರೂ ಕೈ ಬೇರೆ. ಬಿಲಿಯರ್ಡ್ಸಿಗೆ ಮೆಲುವಾದ ಕೈ ಬೇಕು, ಗಂಟೆಗಟ್ಟಲೆ ಚೆಂಡನ್ನು ಹತ್ತಿರದಲ್ಲೇ ಇಟ್ಟುಕೊಳ್ಳುವ ತಾಳ್ಮೆ ಬೇಕು. ಸ್ನೂಕರಿಗೆ ಹನ್ನೆರಡು ಅಡಿಯ ಆಚೆಗಿನ ಪಾಕೆಟ್ಟಿಗೆ ಕೂದಲೆಳೆಯಷ್ಟೂ ತಪ್ಪದ ಗುರಿ ಬೇಕು. ಆದುದರಿಂದ ಬಹುತೇಕ ಆಟಗಾರರು ಯಾವುದಾದರೂ ಒಂದನ್ನೇ ಹಿಡಿಯುತ್ತಾರೆ. ನಮ್ಮ ದೇಶದ ಹಳೆಯ ಕೀರ್ತಿಯೆಲ್ಲ ಬಹುಮಟ್ಟಿಗೆ ಬಿಲಿಯರ್ಡ್ಸಿನದು. 1958ರಲ್ಲಿ ಕಲಕತ್ತೆಯಲ್ಲಿ ವಿಲ್ಸನ್ ಜೋನ್ಸ್ ಹವ್ಯಾಸಿಗಳ ವಿಶ್ವ ಚಾಂಪಿಯನ್ ಆದರು. ಮೈಕೇಲ್ ಫೆರೇರ, ಗೀತ್ ಸೇಠಿ ಅನಂತರ ಬಂದವರು. ಸ್ನೂಕರಿನಲ್ಲಿ 1984ರಲ್ಲಿ ಡಬ್ಲಿನ್ನಿನಲ್ಲಿ ಓಂ ಅಗರವಾಲ್ ಹವ್ಯಾಸಿ ವಿಶ್ವ ಪ್ರಶಸ್ತಿ ಗೆದ್ದದ್ದೇ ಮೊದಲು.

ಈ ಆಟ ನಮ್ಮಂಥವರಿಗೆ ದೂರವೇ ಉಳಿಯಿತು ಎಂಬುದನ್ನೂ ಹೇಳಬೇಕು. ಹೈದರಾಬಾದಿನ ಫಲಕ್‌ನುಮಾ ಅರಮನೆಯಲ್ಲಿ ಬಿಲಿಯರ್ಡ್ಸಿಗೇ ಒಂದು ಕೋಣೆ ಇದೆ. ದೊಡ್ಡ ಕ್ಲಬ್ಬುಗಳಲ್ಲಿ ಮೇಜು ಇರುತ್ತಿತ್ತು. ಸದಸ್ಯನಲ್ಲದ ಬಡವ ಅದರ ಹತ್ತಿರ ಹೋಗಬೇಕಾದರೆ ಮಾರ್ಕರ್ ಆಗಿಯೇ ಹೋಗಬೇಕಾಗಿತ್ತು. ಮಾರ್ಕರ್ ಎಂದರೆ ಅಂಕ ಬರೆಯುವವನು, ಬಟ್ಟೆಗೆ ಬುರುಸು ಹಾಕುವವನು, ಜೊತೆಗಾರನಿಲ್ಲದ ಸಾಹೇಬರ ಎದುರು ಆಡುವವನು. ಮುಂದೆ ಬೀದಿ ಬೀದಿಯಲ್ಲಿ ಪಾರ್ಲರುಗಳು ಬಂದವು. ಗಂಟೆಗೆ ಇಷ್ಟು ಎಂದು ಕೊಟ್ಟರೆ ಯಾರಾದರೂ ಆಡಬಹುದು. ಆದರೆ ತಂದೆತಾಯಿಗಳು ಅವುಗಳನ್ನು ಜೂಜಿನ ಅಡ್ಡೆಯ ಸಾಲಿಗೇ ಸೇರಿಸಿದರು. ಅವರ ಭಯ ಪೂರ್ತಿ ಸುಳ್ಳೆಂದು ನಾವು ಹೇಳಲಾರೆವು.

ಪಂಕಜ ಅಡ್ವಾಣಿಯವರು ಹುಟ್ಟಿದ್ದು ಪುಣೆಯಲ್ಲಿ, 1985ರ ಜುಲೈ 24ರಂದು. ಮೊದಲ ಕೆಲವು ವರ್ಷ ಕುವೈತಿನಲ್ಲಿ ಕಳೆದು ಕುಟುಂಬ ಬೆಂಗಳೂರಿಗೆ ಬಂತು. ಎಳೆಯ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಹತ್ತು ವರ್ಷದ ಹುಡುಗ ಅಣ್ಣ ಶ್ರೀಯವರ ಹಿಂದೆ ಹೋಗಿ ಆಟ ನೋಡುತ್ತ ನೋಡುತ್ತ ಕೋಲು ಹಿಡಿದ. ಆ ಅಣ್ಣ ಮುಂದೆ ಕ್ರೀಡಾ ಮನಶ್ಶಾಸ್ತ್ರಜ್ಞರಾಗಿ ತಮ್ಮನ ಬೆನ್ನಿಗೇ ನಿಂತರು. ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಮೇಜುಗಳ ಮೇಲೆ, ಹಿಂದಿನ ಶ್ರೇಷ್ಠ ಆಟಗಾರರಾದ ಅರವಿಂದ ಸವೂರರ ಕೈಕೆಳಗೆ ಅಭ್ಯಾಸ ನಡೆಯಿತು. 2003ರಲ್ಲಿ ಚೀನಾದ ಜಿಯಾಂಗ್‌ಮೆನ್ನಿನಲ್ಲಿ, ಹದಿನೆಂಟನೆಯ ವಯಸ್ಸಿಗೆ, ಹವ್ಯಾಸಿ ಸ್ನೂಕರಿನ ವಿಶ್ವ ಪ್ರಶಸ್ತಿ ಬಂತು. 2005ರಲ್ಲಿ ಮಾಲ್ಟಾದಲ್ಲಿ ಬಿಲಿಯರ್ಡ್ಸಿನ ಎರಡು ಬಗೆಯನ್ನೂ, ಅಂದರೆ ಅಂಕದ ಲೆಕ್ಕದ್ದನ್ನೂ ಸಮಯದ ಲೆಕ್ಕದ್ದನ್ನೂ, ಒಂದೇ ಸಲಕ್ಕೆ ಗೆದ್ದರು. 2006ರ ದೋಹಾ, 2010ರ ಗುವಾಂಗ್‌ಜೌ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ತಂದರು.

ಇಷ್ಟಾದರೂ ಹೊಟ್ಟೆಪಾಡಿನ ಮಾತು ಉಳಿಯಿತು. ನಮ್ಮ ಗುಮಾಸ್ತ ಮಿತ್ರರಿಗೆ ಇದು ಚೆನ್ನಾಗಿ ಅರ್ಥವಾದೀತು. ನಮ್ಮ ದೇಶದಲ್ಲಿ ಈ ಆಟದ ಹೆಸರಾಂತರು ಅನೇಕರು ಬದುಕುವುದು ಆಟದ ಬಹುಮಾನದಿಂದಲ್ಲ, ನೌಕರಿಯ ಸಂಬಳದಿಂದ. ಸರ್ಕಾರಿ ತೈಲ ಸಂಸ್ಥೆಗಳು ಆಟಗಾರರಿಗೆ ಹುದ್ದೆ ಕೊಟ್ಟು, ಪೆಟ್ರೋಲಿಯಂ ಕ್ರೀಡಾ ಮಂಡಳಿಯ ಹೆಸರಿನಲ್ಲಿ ರಾಷ್ಟ್ರೀಯ ಪಂದ್ಯಗಳಿಗೆ ಕಳಿಸುತ್ತವೆ. ಅಡ್ವಾಣಿಯವರೂ ಓಎನ್‌ಜಿಸಿಯ ನೌಕರರೇ. ಒಲಿಂಪಿಕ್ಸಿನಲ್ಲಿ ಈ ಆಟವಿಲ್ಲ; 2010ರ ಅನಂತರದ ಏಷ್ಯನ್ ಕ್ರೀಡೆಗಳಿಂದಲೂ ಅದನ್ನು ಕೈಬಿಟ್ಟರು. ಪದಕದ ದಾರಿಯೇ ಮುಚ್ಚಿದ ಮೇಲೆ ಸಹಾಯದ ದಾರಿಯೂ ಕಿರಿದಾಗುವುದು ಸಹಜ.

ದೊಡ್ಡ ಹಣ ಇರುವುದು ವೃತ್ತಿಪರ ಸ್ನೂಕರಿನಲ್ಲಿ. 1927ರ ಮೊದಲ ವಿಶ್ವ ಪಂದ್ಯಾಟದಲ್ಲಿ ಜೋ ಡೇವಿಸರಿಗೆ ಸಿಕ್ಕದ್ದು ಆರು ಪೌಂಡು ಹತ್ತು ಶಿಲ್ಲಿಂಗು; 2025ರಲ್ಲಿ ಗೆದ್ದವನಿಗೆ ಐದು ಲಕ್ಷ ಪೌಂಡು. ಆದರೆ ಅದು ಸಂಬಳದ ಕೆಲಸವಲ್ಲ. ಆಟಗಾರನಿಗೆ ಸಿಗುವುದು ಎರಡು ವರ್ಷದ ಒಂದು ಪರವಾನಗಿ ಮಾತ್ರ, ಅದಕ್ಕೆ 'ಟೂರ್ ಕಾರ್ಡ್' ಎನ್ನುತ್ತಾರೆ. ಅಷ್ಟರೊಳಗೆ ಮೊದಲ 64 ಜನರಲ್ಲಿ ಸ್ಥಾನ ಪಡೆಯದಿದ್ದರೆ ಮತ್ತೆ ಬುಡದಿಂದಲೇ ಹತ್ತಬೇಕು. ವಿಮಾನದ ಖರ್ಚು, ಬಾಡಿಗೆ, ಊಟ ಎಲ್ಲ ಅವನದೇ. ಅರ್ಹತೆಯ ಪಂದ್ಯಗಳು ಹೆಚ್ಚಾಗಿ ಇಂಗ್ಲೆಂಡಿನಲ್ಲೇ ನಡೆಯುತ್ತಿದ್ದುದರಿಂದ ಅಲ್ಲಿಯ ಹುಡುಗ ಸೋತು ಅದೇ ರಾತ್ರಿ ಮನೆಗೆ ಹೋಗಿ ಮಲಗುತ್ತಿದ್ದ. ನಮ್ಮವನು ಬಾಡಿಗೆ ಕೋಣೆಗೆ ಹೋಗಬೇಕಾಗಿತ್ತು. ಊರು ಬಿಟ್ಟು ಬಂದು ದುಡಿಯುವ ಲೆಕ್ಕ ನಮ್ಮ ವಾಚಕರಿಗೆ ಹೊಸದಲ್ಲ.

ಅಡ್ವಾಣಿಯವರು 2012ರಲ್ಲಿ ಈ ವೃತ್ತಿಗೆ ಇಳಿದರು. ಅದೇ ವರ್ಷ ಲೀಡ್ಸಿನಲ್ಲಿ ಬಿಲಿಯರ್ಡ್ಸಿನ ದಿಗ್ಗಜ ಮೈಕ್ ರಸೆಲ್ಲರನ್ನು ಸೋಲಿಸಿ ವಿಶ್ವ ಪ್ರಶಸ್ತಿಯನ್ನೂ ಪಡೆದರು. ಎರಡು ದೋಣಿಯ ಮೇಲೆ ಕಾಲು ಎಂದು ಗಾದೆ ಹೇಳುವುದು ಇದನ್ನೇ. ಆದರೆ ಅವರು ಮುಳುಗಲಿಲ್ಲ. 2013ರ ಫೆಬ್ರವರಿಯಲ್ಲಿ ವೇಲ್ಸ್ ಓಪನ್ ಪಂದ್ಯಾಟದ ಕ್ವಾರ್ಟರ್ ಫೈನಲ್ ತಲಪಿದರು. ಶ್ರೇಯಾಂಕದ ಪಂದ್ಯಾಟವೊಂದರಲ್ಲಿ ಅಷ್ಟು ದೂರ ಹೋದ ಮೊದಲ ಭಾರತೀಯರು ಅವರೇ. ಅದೇ ವರ್ಷ ದೆಹಲಿಯ ಇಂಡಿಯನ್ ಓಪನ್ನಿನಲ್ಲಿ ಮುಂಬಯಿಯ ಆದಿತ್ಯ ಮೆಹ್ತಾ ಇನ್ನೂ ಮುಂದೆ ಹೋಗಿ ಫೈನಲ್ಲಿನಲ್ಲಿ ಚೀನಾದ ಡಿಂಗ್ ಜುನ್‌ಹುಯಿಗೆ ಸೋತರು. ನಮ್ಮವರಿಗೆ ಕೈಲಾಗದು ಎಂಬ ಮಾತು ಅಲ್ಲಿಗೆ ಮುಗಿಯಿತು.

ಆದರೂ 2014ರಲ್ಲಿ ಅಡ್ವಾಣಿಯವರು ತಮ್ಮ ಕಾರ್ಡನ್ನು ಹಿಂದಿರುಗಿಸಿದರು. ಮನೆಯಿಂದ ದೂರವಿದ್ದು ಸ್ನೂಕರೊಂದಕ್ಕೇ ವರ್ಷವೆಲ್ಲ ಕೊಡುವ ಬದಲು, ಊರಿನಲ್ಲಿದ್ದು ಎರಡನ್ನೂ ಆಡಬೇಕೆಂಬುದು ಅವರ ಇಚ್ಛೆ. ಸೋಲಿಗೆ ಅಂಜಿದರು ಎಂದು ಕೆಲವರು ಅಂದದ್ದುಂಟು. ನಮಗೆ ಹಾಗೆ ಕಾಣದು. ಆ ವರ್ಷವೇ ಈಜಿಪ್ಟಿನಲ್ಲಿ ಆರು ಕೆಂಪಿನ ಸ್ನೂಕರಿನ ವಿಶ್ವ ಪ್ರಶಸ್ತಿ, ಲೀಡ್ಸಿನಲ್ಲಿ ಮತ್ತೆ ಬಿಲಿಯರ್ಡ್ಸಿನ ಎರಡೂ ಪ್ರಶಸ್ತಿ ಅವರ ಕೈಗೆ ಬಂದವು. 2018ರಲ್ಲಿ ಪದ್ಮಭೂಷಣ ಬಂತು. 2024ರಲ್ಲಿ ದೋಹಾದಲ್ಲಿ ಗೆದ್ದಾಗ ವಿಶ್ವ ಪ್ರಶಸ್ತಿಗಳ ಎಣಿಕೆ 28ಕ್ಕೆ ಮುಟ್ಟಿತು. ಆದರೆ ಒಂದು ನಷ್ಟ ನಿಜ: ಶೆಫೀಲ್ಡಿನ ಕ್ರೂಸಿಬಲ್ ರಂಗಮಂದಿರದಲ್ಲಿ 1977ರಿಂದ ನಡೆದುಬಂದಿರುವ ವೃತ್ತಿಪರರ ವಿಶ್ವ ಪಂದ್ಯಾಟದ ಪಟ್ಟಿಯಲ್ಲಿ ಅವರ ಹೆಸರಿಲ್ಲ, ಇಪ್ಪತ್ತೆಂಟು ಪ್ರಶಸ್ತಿಗಳನ್ನು ಆ ಒಂದರ ಎದುರು ತೂಗುವವರು ಇದ್ದೇ ಇದ್ದಾರೆ.

ವೃತ್ತಿಪರರ ಆಟ ನಮ್ಮ ಊರಿಗೂ ಒಮ್ಮೆ ಬಂದಿತ್ತು. 2016ರ ಜುಲೈಯಲ್ಲಿ ಮಾಧಾಪುರದ ಕಡೆಯ ಎಚ್‌ಐಸಿಸಿ ಸಭಾಭವನದಲ್ಲಿ ಇಂಡಿಯನ್ ಓಪನ್ ನಡೆದು, ಸ್ಕಾಟ್ಲೆಂಡಿನ ಆಂಟನಿ ಮೆಕ್‌ಗಿಲ್ ಗೆದ್ದರು. ಆ ಭಾಗದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುವ ರಾಯಚೂರು, ಕಲಬುರ್ಗಿ ಕಡೆಯ ಮಿತ್ರರು ಆ ಭವನವನ್ನು ಹೊರಗಿನಿಂದ ಕಂಡಿರಬಹುದು.

ಇನ್ನೊಂದು ಸಂಗತಿ. 2015ರಲ್ಲಿ ಈಜಿಪ್ಟಿನ ಹುರ್ಗಡಾದಲ್ಲಿ ಹವ್ಯಾಸಿ ಸ್ನೂಕರಿನ ವಿಶ್ವ ಫೈನಲ್ಲಿನಲ್ಲಿ ಅಡ್ವಾಣಿಯವರ ಎದುರು ನಿಂತವನು ಝಾವೋ ಷಿನ್‌ಟಾಂಗ್ ಎಂಬ ಹದಿಹರೆಯದ ಚೀನೀ ಹುಡುಗ. ಅಡ್ವಾಣಿಯವರು 8-6ರಿಂದ ಗೆದ್ದರು. ಹತ್ತು ವರ್ಷದ ಮೇಲೆ, 2025ರಲ್ಲಿ, ಕ್ರೂಸಿಬಲ್ಲಿನಲ್ಲಿ ಆ ಐದು ಲಕ್ಷ ಪೌಂಡನ್ನು ಗೆದ್ದವನು ಅದೇ ಹುಡುಗ.