ಇಟಲಿಯ ಮನೆಯೂಟದ ಪೊಲೆಂತ

ಪರದೇಶದ ಊಟವೆಂದೊಡನೆ ನಮ್ಮ ಮನಸ್ಸು ಅಲ್ಲಿನ ಔತಣಗಳ ಕಡೆಗೆ ಹರಿಯುವುದು ಸಹಜ. ಆದರೆ ಔತಣವು ಅತಿಥಿಗಾಗಿ ಮಾಡಿದುದು; ಮನೆಯವರು ದಿನವೂ ಉಣ್ಣುವುದು ಬೇರೆ. ಇಟಲಿಯ ಉತ್ತರ ಭಾಗದಲ್ಲಿ, ಆಲ್ಪ್ಸ್ ಪರ್ವತದ ತಪ್ಪಲಿನಿಂದ ಪೋ ನದಿಯ ಬಯಲಿನವರೆಗೆ, ಶತಮಾನಗಳ ಕಾಲ ಜನಸಾಮಾನ್ಯರ ಹೊಟ್ಟೆಯನ್ನು ತುಂಬಿಸಿದ ಪದಾರ್ಥಕ್ಕೆ ಪೊಲೆಂತವೆಂದು ಹೆಸರು. ಮುಸುಕಿನ ಜೋಳದ ರವೆ, ನೀರು, ಉಪ್ಪು, ಇಷ್ಟೇ ಇದರ ಸಾಮಗ್ರಿ. ಇಷ್ಟು ಅಲ್ಪವಾದ ವಸ್ತುವಿನಲ್ಲಿ ಆ ಜನರು ಕಂಡ ಸುಖವೆಂತಹುದು, ಆ ಸುಖದ ಹಿಂದೆ ಅಡಗಿದ್ದ ದುಃಖವೇನು ಎಂಬುದನ್ನು ವಾಚಕರ ಮುಂದಿಡಬೇಕೆಂದು ಈ ಕೆಲವು ಮಾತುಗಳನ್ನು ಬರೆಯುತ್ತಿದ್ದೇವೆ.

ಮಾಡುವ ಕ್ರಮವು ಸರಳ; ಶ್ರಮವು ಮಾತ್ರ ಸರಳವಲ್ಲ. ಪಾಯೋಲೊ ಎಂಬ ತಾಮ್ರದ ಪಾತ್ರೆಯಲ್ಲಿ ಉಪ್ಪು ಹಾಕಿದ ನೀರನ್ನು ಕುದಿಸುವರು. ಒಂದು ಪಾಲು ರವೆಗೆ ಸುಮಾರು ನಾಲ್ಕು ಪಾಲು ನೀರು. ಕುದಿಯುವ ನೀರಿಗೆ ರವೆಯನ್ನು ಒಂದು ಕೈಯಿಂದ ತುಂತುರು ಮಳೆಯಂತೆ ಉದುರಿಸುತ್ತ, ಇನ್ನೊಂದು ಕೈಯಲ್ಲಿ ಉದ್ದನೆಯ ಮರದ ಕೋಲಿನಿಂದ ತಿರುವುತ್ತಿರಬೇಕು. ರವೆಯನ್ನು ಒಮ್ಮೆಗೇ ಸುರಿದರೆ ಗಂಟುಕಟ್ಟುವುದು. ತಿರುವುವುದನ್ನು ಬಿಟ್ಟರೆ ತಳ ಹಿಡಿಯುವುದು. ಹೀಗೆ ಮುಕ್ಕಾಲು ಗಂಟೆಯವರೆಗೆ ಒಲೆಯ ಬಳಿಯಿಂದ ಕದಲುವಂತಿಲ್ಲ. ಬೆಂದ ಪೊಲೆಂತವನ್ನು ಮೇಜಿನ ನಡುವೆ ಇಟ್ಟ ದುಂಡನೆಯ ಮರದ ಹಲಗೆಯ ಮೇಲೆ ಬೋರಲು ಹಾಕುವರು. ಅದು ಹೊನ್ನಿನ ಬಣ್ಣದ ದಿಬ್ಬದಂತೆ ಹೊಗೆಯಾಡುತ್ತ ಕುಳಿತುಕೊಳ್ಳುವುದು. ಸ್ವಲ್ಪ ಆರಿದ ಮೇಲೆ ಅದನ್ನು ಚಾಕುವಿನಿಂದಲ್ಲ, ನೂಲಿನ ಎಳೆಯಿಂದ ಕತ್ತರಿಸುವುದು ಹಳೆಯ ಪದ್ಧತಿ. ಪಾತ್ರೆಯ ಒಳಗೆ ಅಂಟಿ ಉಳಿದ ಗರಿಗರಿಯಾದ ಪೊರೆಗಾಗಿ ಮಕ್ಕಳು ಕಾದಿರುವರು.

ಪೊಲೆಂತಕ್ಕೆ ತನ್ನದೇ ಆದ ದೊಡ್ಡ ರುಚಿಯೇನೂ ಇಲ್ಲ. ಜೊತೆಗೆ ಬಂದುದರ ರುಚಿಯನ್ನು ಅದು ಎತ್ತಿ ತೋರಿಸುವುದು. ಬೆಟ್ಟದವರು ಬೆಣ್ಣೆ, ಚೀಸ್, ಅಣಬೆಗಳೊಡನೆ ಉಣ್ಣುವರು. ಮಾಂಸಾಹಾರಿಗಳು ಮಾಂಸದ ರಸದೊಡನೆ. ವೆನಿಸ್ಸಿನ ಕಡೆ ಬಿಳಿಯ ಜೋಳದ ಪೊಲೆಂತವನ್ನು ಮೀನಿನೊಡನೆ ಬಡಿಸುವುದುಂಟು. ಉಳಿದುದನ್ನು ಮರುದಿನ ಬಿಲ್ಲೆಗಳಾಗಿ ಕೊಯ್ದು ಕೆಂಡದ ಮೇಲೆ ಸುಡುವರು, ಇಲ್ಲವೆ ಹಾಲಿನಲ್ಲಿ ಹಾಕಿಕೊಂಡು ತಿನ್ನುವರು. ದಕ್ಷಿಣ ಇಟಲಿಯವರು ಉತ್ತರದವರನ್ನು ಹಾಸ್ಯಕ್ಕೆ ಪೊಲೆಂತೋನಿ, ಎಂದರೆ ಪೊಲೆಂತ ತಿನ್ನುವವರು, ಎಂದು ಕರೆಯುವರು. ಹಾಸ್ಯದಿಂದ ಆ ಹಲಗೆಯ ಗೌರವವೇನೂ ಕುಗ್ಗಿಲ್ಲ.

ಈ ಅಡಿಗೆ ಮುಸುಕಿನ ಜೋಳಕ್ಕಿಂತ ಹಳೆಯದು. ಹೆಸರೇ ಲ್ಯಾಟಿನ್ ಭಾಷೆಯದು. ರೋಮನರ ಕಾಲದಲ್ಲಿ ಅದು ಜವೆಗೋಧಿಯ ಹಿಟ್ಟಿಗೆ ಸಂದ ಶಬ್ದವಾಗಿತ್ತು. ನಮ್ಮ ಆಯುರ್ವೇದ ಗ್ರಂಥಗಳ ಯವಾಗುವನ್ನು ಬಲ್ಲವರಿಗೆ ಇಂತಹ ಪದಾರ್ಥವು ಅಪರಿಚಿತವೆನಿಸದು. ಬರಗು, ಚೆಸ್ಟ್‌ನಟ್ ಕಾಯಿಯ ಹಿಟ್ಟು, ಬಕ್‌ವೀಟ್ ಎಂಬ ಕಪ್ಪು ಕಾಳು, ಇವುಗಳಿಂದಲೂ ಬಡವರು ಪೊಲೆಂತ ಮಾಡುತ್ತಿದ್ದರು. 1827ರಲ್ಲಿ ಮೊದಲು ಅಚ್ಚಾದ ಮಾಂಜೋನಿಯ ಪ್ರಸಿದ್ಧ ಕಾದಂಬರಿಯಲ್ಲಿ, 1628ರ ಕ್ಷಾಮದ ದಿನಗಳ ಒಂದು ಗುಡಿಸಲನ್ನು ಕಾಣುತ್ತೇವೆ. ಅಲ್ಲಿ ಬೇಯುತ್ತಿರುವುದು ಬಕ್‌ವೀಟಿನ ಬೂದುಬಣ್ಣದ ಸಣ್ಣ ಪೊಲೆಂತ. ಸುತ್ತಲೂ ಅದನ್ನೇ ನೋಡುತ್ತಿರುವ ಮಕ್ಕಳು.

1492ರ ಅನಂತರ ಅಮೆರಿಕಾ ಖಂಡದಿಂದ ಯೂರೋಪಿಗೆ ಬಂದ ಮುಸುಕಿನ ಜೋಳವು 16ನೆಯ ಶತಮಾನದಲ್ಲೇ ವೆನಿಸ್ ಪ್ರಾಂತದ ಹೊಲಗಳನ್ನು ಸೇರಿತು. ಇಳುವರಿ ಹೆಚ್ಚಾದುದರಿಂದ ಬಡ ರೈತನಿಗೆ ಅದು ವರವೆಂದೇ ತೋರಿತು. ಗೋಧಿಯು ಜಮೀನ್ದಾರನ ಕಣಜಕ್ಕೆ ಹೋಯಿತು. ಜೋಳವು ರೈತನ ಪಾಲಿಗೆ ಉಳಿಯಿತು. ಬೆಳಿಗ್ಗೆಯೂ ಸಂಜೆಯೂ ಬರಿಯ ಪೊಲೆಂತ. ಒಂದು ಉಪ್ಪುಮೀನನ್ನು ಮೇಜಿನ ಮೇಲೆ ದಾರದಲ್ಲಿ ತೂಗುಬಿಟ್ಟು, ಮನೆಯವರೆಲ್ಲರೂ ತಮ್ಮ ತಮ್ಮ ತುಂಡನ್ನು ಅದಕ್ಕೆ ಉಜ್ಜಿಕೊಂಡು ತಿನ್ನುತ್ತಿದ್ದ ಕಾಲದ ಮಾತನ್ನು ಆ ಸೀಮೆಯ ವೃದ್ಧರು ಹೇಳುವುದುಂಟು. ಕೇಳುವವರಿಗೆ ನಗೆ ಬರಬಹುದು. ಉಂಡವರಿಗೆ ಅದು ನಗೆಯಾಗಿರಲಿಲ್ಲ.

ಇದರ ಫಲವು ಘೋರವಾಯಿತು. ಬಿಸಿಲು ತಾಗಿದೆಡೆಯಲ್ಲಿ ಚರ್ಮವು ಒರಟಾಗಿ ಸುಲಿಯುವುದು, ಅತಿಸಾರ, ಚಿತ್ತಭ್ರಮೆ, ಕೊನೆಗೆ ಮರಣ. 1771ರಲ್ಲಿ ಮಿಲಾನಿನ ವೈದ್ಯ ಫ್ರಾಪೊಲ್ಲಿಯು ಈ ರೋಗವನ್ನು ಕುರಿತು ಬರೆದು, ಒರಟು ಚರ್ಮವೆಂಬ ಅರ್ಥದ ಪೆಲ್ಲಾಗ್ರ ಎಂಬ ಹೆಸರಿನಿಂದ ಅದನ್ನು ಪ್ರಸಿದ್ಧಿಗೆ ತಂದನು. ಜೋಳದಲ್ಲಿ ವಿಷವಿರಬೇಕೆಂದು ಬಹುಕಾಲ ಶಂಕಿಸಿದರು. ಅಮೆರಿಕಾದಲ್ಲಿ ಗೋಲ್ಡ್‌ಬರ್ಗರನು 1915ರ ಪ್ರಯೋಗದಿಂದ ದೋಷವು ಊಟದ ಕೊರತೆಯಲ್ಲಿದೆಯೆಂದು ತೋರಿಸಿದನು. 1937ರಲ್ಲಿ ಎಲ್ವೆಹೆಮನು ಆ ಕೊರತೆಯನ್ನು ನೀಗಿಸುವ ವಸ್ತು ನಯಾಸಿನ್ ಎಂಬ ಜೀವಸತ್ವವೆಂದು ಕಂಡುಹಿಡಿದನು. ಜೋಳದಲ್ಲಿ ನಯಾಸಿನ್ ಇಲ್ಲದಿಲ್ಲ. ಆದರೆ ಅದರ ಬಹುಭಾಗವು ದೇಹಕ್ಕೆ ದಕ್ಕದಂತೆ ಬಂಧಿತವಾಗಿರುವುದು. ಮೆಕ್ಸಿಕೊದ ಮೂಲನಿವಾಸಿಗಳು ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿಟ್ಟು ಅರೆಯುತ್ತಿದ್ದರು. ಅದರಿಂದ ಆ ಸತ್ವವು ಬಿಡುಗಡೆಯಾಗುತ್ತಿತ್ತು. ಯೂರೋಪಿನವರು ಬೀಜವನ್ನು ತಂದರು. ಬೀಜದ ಜೊತೆಗಿದ್ದ ವಿದ್ಯೆಯನ್ನು ತರಲಿಲ್ಲ. ನಾಲ್ಕು ದಶಕಗಳು ಪಾಠ ಹೇಳಿದ ನಮಗೆ ಇದಕ್ಕಿಂತ ದೊಡ್ಡ ಪಾಠವು ಅಪರೂಪವೆಂದು ತೋರುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಊಟವು ಸುಧಾರಿಸಿದಂತೆ ಆ ರೋಗವು ಇಟಲಿಯಿಂದ ತೊಲಗಿತು, ಪೊಲೆಂತವು ಉಳಿಯಿತು. ಇಂದು ಐದೇ ನಿಮಿಷದಲ್ಲಿ ಬೇಯುವ ರವೆಯೂ, ವಿದ್ಯುತ್ತಿನಿಂದ ತಾನೇ ತಿರುವುವ ಪಾತ್ರೆಯೂ ಅಲ್ಲಿ ದೊರೆಯುತ್ತವೆ.

ಕಳೆದ ಮಳೆಗಾಲದಲ್ಲಿ ನಾವೂ ಇದನ್ನು ಮನೆಯಲ್ಲಿ ಮಾಡಿ ನೋಡಿದೆವು. ಹತ್ತು ನಿಮಿಷಕ್ಕೇ ನಮ್ಮ ತೋಳು ಸೋತಿತು. ನಲವತ್ತು ವರ್ಷ ರಾಗಿಯ ಮುದ್ದೆಯನ್ನು ತೊಳಸಿದ ನಮ್ಮ ಮನೆಯವರು, “ನಿಂತುಬಿಟ್ಟಿರೇಕೆ? ತಳ ಹಿಡಿಯುತ್ತದೆ” ಎಂದು ನಕ್ಕು ಕೋಲನ್ನು ತೆಗೆದುಕೊಂಡರು. ಅವರ ತೋಳಿನ ಕೆಲಸವನ್ನು ಅಷ್ಟು ವರ್ಷ ತಟ್ಟೆಯ ಈಚೆ ಕುಳಿತು ಉಂಡ ನಮಗೆ ಆಗ ಸ್ವಲ್ಪ ನಾಚಿಕೆಯಾಯಿತು. ತುಪ್ಪ, ಬೇಳೆ ಸೊಪ್ಪಿನ ಸಾರು, ಬಟ್ಟಲು ಮೊಸರು, ಇವುಗಳೊಡನೆ ಎಲ್ಲರೂ ಕುಳಿತು ಉಂಡೆವು, ಬಹಳ ರುಚಿಯಾಗಿತ್ತು.

ಸರಳವಾದ ಊಟವನ್ನು ಹೊಗಳುವುದು ಸುಲಭ. ಆದರೆ ಸರಳತೆಯನ್ನು ಮೆಚ್ಚಿ ಆರಿಸಿಕೊಂಡವನ ತಟ್ಟೆ ಬೇರೆ, ಬೇರೇನೂ ಇಲ್ಲದವನ ತಟ್ಟೆ ಬೇರೆ. ಪೊಲೆಂತದ ಸುಖವು ಪಕ್ಕದ ಬಟ್ಟಲಿನಲ್ಲಿಯೂ, ಸುತ್ತ ಕುಳಿತ ಮನೆಯವರಲ್ಲಿಯೂ ಇರುವುದು. ನಮ್ಮ ಗೃಹಸ್ಥರು ಮನೆಯ ಊಟವನ್ನು ಬೇಕಾದಷ್ಟು ಸರಳ ಮಾಡಲಿ. ಆ ಪಕ್ಕದ ಬಟ್ಟಲನ್ನು ಮಾತ್ರ ಬರಿದು ಮಾಡದಿರಲಿ.